ದೂರದಿಂದ ಬಂದ ಮೀನಿನ ಪರೀಕ್ಷೆ

ಕೆರೆಯ ಏರಿಯ ಮೇಲೆ ನಿಂತು, ಬಲೆಯಿಂದ ಆಗತಾನೆ ಬಿಡಿಸಿದ ಮೀನನ್ನು ಕೊಳ್ಳುವವನು ಯಾವ ಪರೀಕ್ಷೆಯನ್ನೂ ನಡೆಸಬೇಕಾಗಿಲ್ಲ. ಮೀನು ಇನ್ನೂ ಒದ್ದಾಡುತ್ತಿರುತ್ತದೆ. ಅದಕ್ಕಿಂತ ಬೇರೆ ಸಾಕ್ಷಿ ಬೇಡ. ಸಮುದ್ರತೀರದ ಊರುಗಳಲ್ಲಿಯೂ ಬಹುಕಾಲ ಹೀಗೆಯೇ ನಡೆದು ಬಂದಿತು. ದೋಣಿ ದಡಕ್ಕೆ ಬಂದ ಹೊತ್ತು, ಬುಟ್ಟಿ ಹೊತ್ತು ತರುವ ಹೆಂಗಸಿನ ಪರಿಚಯ, ಕೊಳ್ಳುವವರ ಅನುಭವ, ಇಷ್ಟು ಸಾಕಾಗುತ್ತಿತ್ತು. ಇಂದು ಸ್ಥಿತಿ ಬೇರೆಯಾಗಿದೆ. ವಿಯೆಟ್ನಾಮಿನ ಮೆಕಾಂಗ್ ನದಿಯ ಬಯಲಿನಲ್ಲಿ ಸಾಕಿದ ಬಾಸಾ ಮೀನೂ ನಾರ್ವೆ ದೇಶದ ಸಾಲ್ಮನ್ ಮೀನೂ ಬೆಂಗಳೂರಿನ ಅಂಗಡಿಗಳಲ್ಲಿ ದೊರೆಯುತ್ತವೆ. ಒಂದು ರಾಜ್ಯದ ಬಂದರಿನಲ್ಲಿ ಇಳಿದ ಮೀನು ರಾತ್ರಿಯೆಲ್ಲ ಲಾರಿಯಲ್ಲಿ ಪ್ರಯಾಣ ಮಾಡಿ ಬೆಳಗಾಗುವುದರೊಳಗೆ ಇನ್ನೊಂದು ರಾಜ್ಯದ ಪೇಟೆಯನ್ನು ಸೇರುತ್ತದೆ. ಹಿಡಿದವನಿಗೂ ತಿನ್ನುವವನಿಗೂ ನಡುವೆ ನೂರಾರು, ಕೆಲವೊಮ್ಮೆ ಸಾವಿರಾರು ಮೈಲಿಗಳ ಅಂತರ. ಈ ಅಂತರದಲ್ಲಿ ಆ ಮೀನು ಎಷ್ಟು ಗಂಟೆ ಬಿಸಿಯಲ್ಲಿ ನಿಂತಿತು, ಅದಕ್ಕೆ ಏನನ್ನು ಸವರಲಾಯಿತು, ಅದರ ನಿಜವಾದ ಹೆಸರೇನು ಎಂಬುದನ್ನು ಕೊಳ್ಳುವವನು ತಿಳಿಯುವುದು ಹೇಗೆ?

ಈ ಪ್ರಶ್ನೆ ೨೦೧೮ರಲ್ಲಿ ನಮ್ಮ ಪಶ್ಚಿಮ ಕರಾವಳಿಯ ಉದ್ದಕ್ಕೂ ತೀವ್ರವಾಗಿ ಎದ್ದಿತು. ಆ ವರ್ಷದ ಜೂನ್ ತಿಂಗಳಿನಲ್ಲಿ ಕೇರಳದ ಆಹಾರ ಸುರಕ್ಷತಾ ಅಧಿಕಾರಿಗಳು ‘ಆಪರೇಷನ್ ಸಾಗರ್ ರಾಣಿ’ ಎಂಬ ಕಾರ್ಯಾಚರಣೆಯಲ್ಲಿ, ಕೊಲ್ಲಂ ಜಿಲ್ಲೆಯ ಗಡಿಠಾಣೆಯೊಂದರಲ್ಲಿ, ಹೊರರಾಜ್ಯದಿಂದ ಬಂದ ಒಂಬತ್ತು ಸಾವಿರ ಕಿಲೋಗ್ರಾಮಿಗೂ ಮಿಕ್ಕಿದ ಮೀನನ್ನು ಫಾರ್ಮಲಿನ್ ಬೆರೆತಿದೆಯೆಂದು ತಡೆಹಿಡಿದರು. ಮುಂದಿನ ತಿಂಗಳು ಗೋವೆಯ ಮಡಗಾಂವ್ ಸಗಟು ಮೀನುಪೇಟೆಯಲ್ಲಿ ಇದೇ ಬಗೆಯ ಪರೀಕ್ಷೆ ನಡೆಯಿತು. ಸ್ಥಳದಲ್ಲಿ ಮಾಡಿದ ಪರೀಕ್ಷೆ ಫಾರ್ಮಲಿನ್ ಇರುವ ಸೂಚನೆಯನ್ನು ಕೊಟ್ಟಿತು; ಪ್ರಯೋಗಶಾಲೆಯ ವರದಿ ಅದು ಮಿತಿಯೊಳಗಿದೆಯೆಂದಿತು. ಜನರು ಯಾವುದನ್ನು ನಂಬಬೇಕು? ಗೋವಾ ಸರ್ಕಾರವು ಕೆಲಕಾಲ ಹೊರಗಿನ ಮೀನಿನ ಪ್ರವೇಶವನ್ನೇ ನಿಲ್ಲಿಸಿತು. ಅದೇ ವರ್ಷದ ಕೊನೆಯ ಭಾಗದಲ್ಲಿ ಮತ್ತೆ ನಿರ್ಬಂಧಗಳು ಬಂದಾಗ, ಗಡಿಯ ಈಚೆಗಿನ ಕಾರವಾರದ ಮೀನುಗಾರರು ತಮ್ಮ ಲಾರಿಗಳು ಹಿಂದಿರುಗುವುದನ್ನು ಕಂಡು ಪ್ರತಿಭಟಿಸಿದರು. ಒಂದು ಕಡೆ ಉಣ್ಣುವವನ ಆರೋಗ್ಯ, ಇನ್ನೊಂದು ಕಡೆ ದುಡಿಯುವವನ ಅನ್ನ. ಎರಡೂ ಒಂದು ಕಾಗದದ ಪಟ್ಟಿಯ ಬಣ್ಣದ ಮೇಲೆ ನಿಂತಿದ್ದುವು. ಆದುದರಿಂದ ಇಂಥ ಪರೀಕ್ಷೆಗಳು ಏನನ್ನು ಹೇಳಬಲ್ಲವು, ಏನನ್ನು ಹೇಳಲಾರವು ಎಂಬುದನ್ನು ನಾವು ವಿಚಾರ ಮಾಡಿ ನೋಡುವುದು ಉಚಿತವಾಗಿದೆ.

ಸತ್ತ ಮೀನಿನಲ್ಲಿ ನಡೆಯುವ ಕ್ರಿಯೆಗಳು

ಜೀವವಿರುವ ಮೀನಿನ ಮಾಂಸದಲ್ಲಿ ಸೂಕ್ಷ್ಮಜೀವಿಗಳು ಇರುವುದಿಲ್ಲವೆಂದೇ ಹೇಳಬಹುದು. ಅವು ಅದರ ಚರ್ಮದ ಮೇಲೆ, ಕಿವಿರುಗಳಲ್ಲಿ, ಕರುಳಿನಲ್ಲಿ ವಾಸವಾಗಿರುತ್ತವೆ. ಮೀನು ಸತ್ತ ಕೂಡಲೆ ರಕ್ಷಣೆಯ ಗೋಡೆ ಕುಸಿಯುತ್ತದೆ. ಮೊದಲು ಮೀನಿನ ದೇಹದಲ್ಲಿಯೇ ಇರುವ ಕಿಣ್ವಗಳು ತಮ್ಮ ಕೆಲಸವನ್ನು ಆರಂಭಿಸುತ್ತವೆ. ಅವುಗಳ ಹಿಂದೆಯೇ ಸೂಕ್ಷ್ಮಜೀವಿಗಳು ಒಳನುಗ್ಗುತ್ತವೆ.

ಸಮುದ್ರದ ಮೀನಿನ ಮಾಂಸದಲ್ಲಿ ಟ್ರೈಮೀಥೈಲಮೀನ್ ಆಕ್ಸೈಡ್ ಎಂಬ ವಸ್ತುವಿರುತ್ತದೆ. ಉಪ್ಪುನೀರಿನಲ್ಲಿ ಬಾಳುವ ಪ್ರಾಣಿಗೆ ತನ್ನ ಜೀವಕೋಶಗಳಲ್ಲಿ ನೀರಿನ ಸಮತೋಲವನ್ನು ಕಾಪಾಡಿಕೊಳ್ಳಲು ಇದು ನೆರವಾಗುತ್ತದೆ. ಇದಕ್ಕೆ ವಾಸನೆಯಿಲ್ಲ. ಆದರೆ ಸೂಕ್ಷ್ಮಜೀವಿಗಳು ಇದರಿಂದ ಆಮ್ಲಜನಕವನ್ನು ಕಿತ್ತುಕೊಂಡಾಗ ಟ್ರೈಮೀಥೈಲಮೀನ್ ಉಳಿಯುತ್ತದೆ. ನಾವು ‘ಮೀನಿನ ವಾಸನೆ’ ಎಂದು ಕರೆಯುವುದು ಬಹುಮಟ್ಟಿಗೆ ಇದನ್ನೇ. ಮುಂದೆ ಸಸಾರಜನಕದ ಬೇರೆ ಸಂಯುಕ್ತಗಳೂ ಒಡೆದು ಅಮೋನಿಯ ಹೊರಡುತ್ತದೆ. ಹೀಗೆ ಆವಿಯಾಗಿ ಹೊರಬರುವ ಕ್ಷಾರೀಯ ಸಸಾರಜನಕವನ್ನೆಲ್ಲ ಕಾಯಿಸಿ ಇಳಿಸಿ, ಆಮ್ಲದಲ್ಲಿ ಹಿಡಿದು ಅಳೆಯುವುದು ಪ್ರಯೋಗಶಾಲೆಯ ಹಳೆಯ ಪರೀಕ್ಷೆಗಳಲ್ಲೊಂದು. ನೂರು ಗ್ರಾಮ್ ಮಾಂಸದಲ್ಲಿ ಇದು ಮೀನಿನ ಜಾತಿಗನುಗುಣವಾಗಿ ೨೫ರಿಂದ ೩೫ ಮಿಲಿಗ್ರಾಮಿನ ಮಿತಿಯನ್ನು ಮೀರಿದರೆ ಮೀನು ಕೆಟ್ಟಿದೆಯೆಂದು ಐರೋಪ್ಯ ಒಕ್ಕೂಟದ ನಿಯಮಗಳು ಎಣಿಸುತ್ತವೆ.

ಈ ಕ್ರಿಯೆಗಳ ವೇಗ ಉಷ್ಣತೆಯನ್ನು ಅವಲಂಬಿಸಿದೆ. ಶೀತ ಸಮುದ್ರದ ಮೀನುಗಳ ಮೇಲೆ ನಡೆದ ಅಧ್ಯಯನಗಳಿಂದ ಒಂದು ಸುಲಭವಾದ ಸೂತ್ರ ದೊರೆತಿದೆ. ಉಷ್ಣತೆಯನ್ನು ಸೆಂಟಿಗ್ರೇಡ್ ಡಿಗ್ರಿಗಳಲ್ಲಿ ತೆಗೆದುಕೊಂಡು, ಅದನ್ನು ಹತ್ತರಿಂದ ಭಾಗಿಸಿ, ಒಂದನ್ನು ಕೂಡಿಸಿ, ಬಂದ ಮೊತ್ತವನ್ನು ವರ್ಗ ಮಾಡಬೇಕು. ಸೊನ್ನೆ ಡಿಗ್ರಿಯಲ್ಲಿ ಮೀನು ಕೆಡುವ ವೇಗವನ್ನು ಒಂದು ಎಂದಿಟ್ಟುಕೊಂಡರೆ, ೧೦ ಡಿಗ್ರಿಯಲ್ಲಿ ಅದು ನಾಲ್ಕು ಪಟ್ಟು, ೨೦ ಡಿಗ್ರಿಯಲ್ಲಿ ಒಂಬತ್ತು ಪಟ್ಟು. ಎಂದರೆ ೨೦ ಡಿಗ್ರಿಯಲ್ಲಿ ಒಂದು ಹಗಲು ಕಳೆದ ಮೀನು ಮಂಜುಗಡ್ಡೆಯಲ್ಲಿ ನಾಲ್ಕೂವರೆ ದಿನ ಕಳೆದ ಮೀನಿಗೆ ಸಮಾನ. ಉಷ್ಣವಲಯದ ಮೀನುಗಳಿಗೆ ಈ ಅಂಕಿಗಳು ತುಸು ವ್ಯತ್ಯಾಸವಾದರೂ ತತ್ತ್ವ ಒಂದೇ. ಮೀನಿನ ವಯಸ್ಸನ್ನು ಗಡಿಯಾರದಿಂದ ಮಾತ್ರ ಅಳೆದರೆ ಸಾಲದು. ಗಡಿಯಾರವೂ ಉಷ್ಣತಾಮಾಪಕವೂ ಎರಡೂ ಬೇಕು.

ಮಂಜುಗಡ್ಡೆಯ ಲೆಕ್ಕ

ಮೀನಿನ ಸಾಗಣೆಯಲ್ಲಿ ಮೀನಿನ ತೂಕದಷ್ಟೇ ಮಂಜುಗಡ್ಡೆಯನ್ನು ಹಾಕಬೇಕೆಂದು ಬಿಸಿ ನಾಡುಗಳಲ್ಲಿ ರೂಢಿಯಿದೆ. ಇದು ಎಲ್ಲಿಂದ ಬಂದಿತು ಎಂಬುದನ್ನು ನಮ್ಮ ವಿದ್ಯಾರ್ಥಿಗಳು ತಾವೇ ಲೆಕ್ಕ ಹಾಕಿ ನೋಡಬಹುದು.

೩೦ ಡಿಗ್ರಿಯಲ್ಲಿರುವ ೧೦ ಕಿಲೋಗ್ರಾಮ್ ಮೀನನ್ನು ಸೊನ್ನೆ ಡಿಗ್ರಿಗೆ ಇಳಿಸಬೇಕೆಂದಿಟ್ಟುಕೊಳ್ಳೋಣ. ಮೀನಿನ ಬಹುಭಾಗ ನೀರೇ ಆದುದರಿಂದ ಅದರ ವಿಶಿಷ್ಟೋಷ್ಣ ಸುಮಾರು ೦.೯. ಹೊರತೆಗೆಯಬೇಕಾದ ಶಾಖ ೧೦ × ೦.೯ × ೩೦, ಎಂದರೆ ೨೭೦ ಕಿಲೋಕ್ಯಾಲೊರಿ. ಒಂದು ಕಿಲೋಗ್ರಾಮ್ ಮಂಜುಗಡ್ಡೆ ಕರಗುವಾಗ ೮೦ ಕಿಲೋಕ್ಯಾಲೊರಿ ಶಾಖವನ್ನು ಹೀರಿಕೊಳ್ಳುತ್ತದೆ. ಆದುದರಿಂದ ೩.೪ ಕಿಲೋಗ್ರಾಮ್ ಮಂಜುಗಡ್ಡೆ ಸಾಕು. ಹಾಗಾದರೆ ಹತ್ತು ಕಿಲೋಗ್ರಾಮ್ ಏಕೆ?

ಪೆಟ್ಟಿಗೆಯ ಗೋಡೆಗಳ ಮೂಲಕ ಹೊರಗಿನ ಶಾಖ ಒಳಕ್ಕೆ ಹರಿಯುತ್ತಲೇ ಇರುವುದೇ ಇದಕ್ಕೆ ಕಾರಣ. ಎರಡೂವರೆ ಸೆಂಟಿಮೀಟರ್ ದಪ್ಪದ ಥರ್ಮೊಕೋಲ್ ಪೆಟ್ಟಿಗೆಯೊಂದರ ಹೊರಮೈ ಒಂದು ಚದರ ಮೀಟರ್ ಇದ್ದು, ಒಳಗೂ ಹೊರಗೂ ೩೦ ಡಿಗ್ರಿ ಅಂತರವಿದ್ದರೆ, ಪ್ರತಿ ಸೆಕೆಂಡಿಗೂ ಸುಮಾರು ೪೦ ಜೂಲ್ ಶಾಖ ಒಳಸೇರುತ್ತದೆ. ಈ ಶಾಖ ಗಂಟೆಗೆ ೪೦೦ ಗ್ರಾಮಿಗಿಂತ ಹೆಚ್ಚು ಮಂಜುಗಡ್ಡೆಯನ್ನು ಕರಗಿಸುತ್ತದೆ. ಹನ್ನೆರಡು ಗಂಟೆಗಳ ಪ್ರಯಾಣದಲ್ಲಿ ಹೀಗೆ ಐದು ಕಿಲೋಗ್ರಾಮ್ ಹೋಯಿತು. ಮೊದಲಿನ ೩.೪ನ್ನು ಇದಕ್ಕೆ ಸೇರಿಸಿದರೆ ಎಂಟೂವರೆ ಕಿಲೋಗ್ರಾಮ್ ಆಗುತ್ತದೆ. ಲಾರಿ ದಾರಿಯಲ್ಲಿ ಮೂರು ನಾಲ್ಕು ಗಂಟೆ ನಿಂತರೆ ಉಳಿದುದೂ ಮುಗಿಯಿತು. ಮೀನಿನಷ್ಟೇ ಮಂಜುಗಡ್ಡೆ ಎಂಬ ರೂಢಿಯ ಹಿಂದೆ ಇಂಥ ಭೌತವಿಜ್ಞಾನವಿದೆ.

ಆದರೆ ಮಂಜುಗಡ್ಡೆಗೆ ಹಣ ಬೇಕು. ಅದು ಲಾರಿಯಲ್ಲಿ ಮೀನಿನ ಸ್ಥಳವನ್ನು ಆಕ್ರಮಿಸುತ್ತದೆ. ಕರಗಿ ಹರಿದು ಹೋಗುತ್ತದೆ. ಇಲ್ಲಿ ಉಳಿತಾಯ ಮಾಡಬಯಸುವವನಿಗೆ ಅಗ್ಗದ ಆಮಿಷವೊಂದು ಕಾದಿರುತ್ತದೆ. ಅದೇ ಫಾರ್ಮಲಿನ್.

ಕಣ್ಣು, ಮೂಗು, ಬೆರಳು

ಫಾರ್ಮಲಿನ್ ವಿಷಯಕ್ಕೆ ಬರುವ ಮುನ್ನ, ಇಂದ್ರಿಯಗಳ ಪರೀಕ್ಷೆಯನ್ನು ಕಡೆಗಣಿಸಬಾರದೆಂದು ಹೇಳಬೇಕಾಗಿದೆ. ತಾಜಾ ಮೀನಿನ ಕಣ್ಣು ಉಬ್ಬಿ ಹೊಳೆಯುತ್ತದೆ; ಹಳೆಯದರಲ್ಲಿ ಅದು ಮಂಕಾಗಿ ಗುಳಿಬೀಳುತ್ತದೆ. ಕಿವಿರು ಕೆಂಪಾಗಿರಬೇಕು. ಬೆರಳಿನಿಂದ ಒತ್ತಿ ಬಿಟ್ಟರೆ ಮಾಂಸ ಕೂಡಲೆ ಮೊದಲಿನಂತಾಗಬೇಕು. ಸ್ಕಾಟ್ಲೆಂಡಿನ ಅಬರ್ಡೀನ್ ನಗರದಲ್ಲಿದ್ದ ಟಾರಿ ಸಂಶೋಧನಾ ಕೇಂದ್ರದಲ್ಲಿ ವಿಜ್ಞಾನಿಗಳು ಇಂಥ ಲಕ್ಷಣಗಳಿಗೆ ಅಂಕಗಳನ್ನು ಗೊತ್ತುಪಡಿಸಿ, ಅನುಭವವನ್ನೇ ಒಂದು ಅಳತೆಗೋಲನ್ನಾಗಿ ಮಾಡಿದರು.

ಅದೇ ಕೇಂದ್ರದಲ್ಲಿ ೧೯೭೦ರ ದಶಕದಲ್ಲಿ ರೂಪುಗೊಂಡ ಒಂದು ಉಪಕರಣ ಭೌತವಿಜ್ಞಾನದ ವಿದ್ಯಾರ್ಥಿಗಳಿಗೆ ವಿಶೇಷ ಆಸಕ್ತಿಯದು. ಜೀವಕೋಶದ ಪೊರೆ ವಿದ್ಯುತ್ತಿಗೆ ನಿರೋಧಕ. ಅದರ ಒಳಗೂ ಹೊರಗೂ ಇರುವ ಲವಣದ ದ್ರವ ವಾಹಕ. ಎಂದರೆ ಪ್ರತಿಯೊಂದು ಕೋಶವೂ ಒಂದು ಪುಟ್ಟ ವಿದ್ಯುತ್ ಧಾರಕವಿದ್ದಂತೆ. ಮೀನು ಹಳೆಯದಾದಂತೆ ಪೊರೆಗಳು ಹರಿದು ಧಾರಕಗಳು ಹಾಳಾಗುತ್ತವೆ. ಮೀನಿನ ಮೈಗೆ ವಿದ್ಯುದಗ್ರಗಳನ್ನು ತಾಗಿಸಿ, ಪರ್ಯಾಯ ವಿದ್ಯುತ್ತನ್ನು ಹರಿಸಿ ಈ ಮಾರ್ಪಾಟನ್ನು ಕ್ಷಣಮಾತ್ರದಲ್ಲಿ ಅಳೆಯಬಹುದು. ಹೆಪ್ಪುಗಟ್ಟಿಸಿದಾಗ ಹಿಮದ ಹರಳುಗಳೇ ಪೊರೆಗಳನ್ನು ಹರಿಯುವುದರಿಂದ, ಹೆಪ್ಪುಗಟ್ಟಿಸಿ ಕರಗಿಸಿದ ಮೀನಿನಲ್ಲಿ ಈ ಉಪಕರಣ ತಾಜಾತನವನ್ನು ಅಳೆಯಲಾರದು. ಈ ಕೊರತೆಯೇ ಒಂದು ಉಪಯೋಗವೂ ಆಗಿದೆ. ಕರಗಿಸಿದ ಮೀನನ್ನು ಇಂದು ಹಿಡಿದ ಮೀನೆಂದು ಮಾರುವವನ ಗುಟ್ಟು ಇದರಿಂದ ಹೊರಬೀಳುತ್ತದೆ.

ಇಂದ್ರಿಯಗಳನ್ನು ವಂಚಿಸುವುದೂ ಸಾಧ್ಯ. ಕೇದರ ಅಥವಾ ಟ್ಯೂನಾ ಮೀನಿನ ಮಾಂಸ ಹಳೆಯದಾದಂತೆ ಕಂದುಬಣ್ಣಕ್ಕೆ ತಿರುಗುತ್ತದೆ. ಇಂಗಾಲದ ಮಾನಾಕ್ಸೈಡ್ ಅನಿಲವನ್ನು ತಾಗಿಸಿದರೆ ಮಾಂಸದ ವರ್ಣದ್ರವ್ಯ ಅದರೊಡನೆ ಗಟ್ಟಿಯಾಗಿ ಕೂಡಿಕೊಂಡು, ದಿನಗಳು ಉರುಳಿದರೂ ಕೆಂಪಾಗಿಯೇ ಉಳಿಯುತ್ತದೆ. ಐರೋಪ್ಯ ಒಕ್ಕೂಟ ಈ ಕ್ರಮವನ್ನು ಒಪ್ಪುವುದಿಲ್ಲ. ಕಣ್ಣಿಗೆ ಅದು ತಾಜಾ ಮೀನು. ಒಳಗೆ ಏನಾಗಿದೆಯೆಂಬುದು ಬೇರೆ ಮಾತು.

ಮೂಗನ್ನು ವಂಚಿಸುವ ಫಾರ್ಮಲಿನ್

ಫಾರ್ಮಾಲ್ಡಿಹೈಡ್ ಎಂಬ ಅನಿಲವನ್ನು ನೀರಿನಲ್ಲಿ ನೂರಕ್ಕೆ ಸುಮಾರು ೩೭ರಿಂದ ೪೦ರ ಪ್ರಮಾಣದಲ್ಲಿ ಕರಗಿಸಿದ ದ್ರಾವಣವೇ ಫಾರ್ಮಲಿನ್. ಕಾಲೇಜಿನ ಜೀವವಿಜ್ಞಾನ ವಿಭಾಗದಲ್ಲಿ ಗಾಜಿನ ಭರಣಿಗಳೊಳಗೆ ಕಪ್ಪೆ, ಹಾವುಗಳನ್ನು ವರ್ಷಗಟ್ಟಲೆ ಕೆಡದಂತೆ ಇಡುವುದು ಇದರಲ್ಲಿಯೇ. ಪ್ರೋಟೀನಿನ ಎಳೆಗಳ ನಡುವೆ ಫಾರ್ಮಾಲ್ಡಿಹೈಡ್ ಅಣುಗಳು ಸೇತುವೆಗಳನ್ನು ಕಟ್ಟುತ್ತವೆ. ಮಾಂಸ ಬಿಗಿಯಾಗುತ್ತದೆ, ಕಿಣ್ವಗಳು ನಿಷ್ಕ್ರಿಯವಾಗುತ್ತವೆ, ಸೂಕ್ಷ್ಮಜೀವಿಗಳು ಸಾಯುತ್ತವೆ. ಇದು ದುರ್ವಾಸನೆಯ ಅಮೀನುಗಳೊಡನೆಯೂ ಕೂಡಿಕೊಂಡು ಅವನ್ನು ಮರೆಮಾಡುತ್ತದೆ. ಮೂಗಿಗೆ ಸಾಕ್ಷಿ ಸಿಗದಂತಾಗುತ್ತದೆ. ಫಾರ್ಮಾಲ್ಡಿಹೈಡ್ ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುವೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ೨೦೦೪ರಲ್ಲಿ ತೀರ್ಮಾನಿಸಿತು. ಆ ತೀರ್ಮಾನಕ್ಕೆ ಮುಖ್ಯ ಆಧಾರ ಅದನ್ನು ಉಸಿರಾಡುವ ಕಾರ್ಮಿಕರ ಅಧ್ಯಯನ. ಆದರೂ ಅದನ್ನು ಊಟದ ಪದಾರ್ಥಕ್ಕೆ ಬೆರೆಸಲು ಯಾವ ಸಮರ್ಥನೆಯೂ ಇಲ್ಲ.

ಇದನ್ನು ಕಂಡುಹಿಡಿಯುವುದು ಹೇಗೆ? ಕೊಚ್ಚಿಯಲ್ಲಿರುವ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆಯ ವಿಜ್ಞಾನಿಗಳು ೨೦೧೮ರ ಆರಂಭದಲ್ಲಿ ಎರಡು ಸುಲಭ ಪರೀಕ್ಷಾ ಸಾಮಗ್ರಿಗಳನ್ನು ಜನರ ಮುಂದಿಟ್ಟರು. ಒಂದು ಫಾರ್ಮಲಿನ್‌ಗೆ, ಇನ್ನೊಂದು ಅಮೋನಿಯಕ್ಕೆ. ಕಾಗದದ ಪಟ್ಟಿಯನ್ನು ಮೀನಿನ ಮೈಗೆ ಉಜ್ಜಿ, ಅದರ ಮೇಲೆ ಕಾರಕದ ಹನಿಯನ್ನು ಹಾಕಿ, ಸ್ವಲ್ಪ ಹೊತ್ತಿನಲ್ಲಿ ಮೂಡುವ ಬಣ್ಣವನ್ನು ಜೊತೆಗಿತ್ತ ಬಣ್ಣದ ಪಟ್ಟಿಯೊಡನೆ ಹೋಲಿಸಿದರೆ ಆಯಿತು. ಪೇಟೆಯ ಗದ್ದಲದಲ್ಲಿಯೂ ಮಾಡಬಹುದಾದ ಪರೀಕ್ಷೆ ಇದು.

ಪ್ರಯೋಗಶಾಲೆಯ ಕ್ರಮ ಇದಕ್ಕಿಂತ ನಿಧಾನವಾದುದು. ತೂಗಿದ ಮಾಂಸದಿಂದ ಫಾರ್ಮಾಲ್ಡಿಹೈಡನ್ನು ಆವಿಯೊಡನೆ ಬೇರ್ಪಡಿಸಿ ನೀರಿನಲ್ಲಿ ಹಿಡಿಯುತ್ತಾರೆ. ಬಳಿಕ ಅದಕ್ಕೆ ನ್ಯಾಷ್ ಎಂಬ ವಿಜ್ಞಾನಿ ೧೯೫೩ರಲ್ಲಿ ಸೂಚಿಸಿದ ಕಾರಕವನ್ನು ಬೆರೆಸುತ್ತಾರೆ. ದ್ರಾವಣ ಹಳದಿಯಾಗುತ್ತದೆ. ಈ ಹಳದಿ ವಸ್ತು ೪೧೨ ನ್ಯಾನೋಮೀಟರ್ ಅಲೆಯುದ್ದದ ನೇರಳೆ ಬೆಳಕನ್ನು ಹೆಚ್ಚಾಗಿ ಹೀರುತ್ತದೆ. ಆ ಬೆಳಕನ್ನೇ ದ್ರಾವಣದ ಮೂಲಕ ಹಾಯಿಸಿ, ಹೊರಬಂದುದೆಷ್ಟೆಂದು ಅಳೆಯುತ್ತಾರೆ. ಬೆಳಕಿನ ಹೀರಿಕೆ ವಸ್ತುವಿನ ಪ್ರಮಾಣಕ್ಕೆ ಅನುಪಾತದಲ್ಲಿರುತ್ತದೆಂಬುದು ಬೀರ್ ಮತ್ತು ಲ್ಯಾಂಬರ್ಟರ ನಿಯಮ. ಹೀಗೆ ‘ಇದೆಯೆ, ಇಲ್ಲವೆ’ ಎಂಬ ಪ್ರಶ್ನೆ ‘ಎಷ್ಟಿದೆ’ ಎಂಬ ಪ್ರಶ್ನೆಯಾಗಿ ಮಾರ್ಪಡುತ್ತದೆ.

ಸಂಶಯ ಬೇರೆ, ನಿರ್ಣಯ ಬೇರೆ

‘ಎಷ್ಟಿದೆ’ ಎಂಬ ಪ್ರಶ್ನೆ ಏಕೆ ಮುಖ್ಯ? ಯಾರೂ ಬೆರೆಸದಿದ್ದರೂ ಮೀನಿನಲ್ಲಿ ಫಾರ್ಮಾಲ್ಡಿಹೈಡ್ ಇರಬಲ್ಲುದು! ಹಿಂದೆ ಹೇಳಿದ ಟ್ರೈಮೀಥೈಲಮೀನ್ ಆಕ್ಸೈಡನ್ನು ಸೂಕ್ಷ್ಮಜೀವಿಗಳು ಒಂದು ರೀತಿಯಲ್ಲಿ ಒಡೆದರೆ, ಕೆಲವು ಮೀನುಗಳ ಸ್ವಂತ ಕಿಣ್ವ ಇನ್ನೊಂದು ರೀತಿಯಲ್ಲಿ ಒಡೆಯುತ್ತದೆ. ಆಗ ಡೈಮೀಥೈಲಮೀನ್ ಎಷ್ಟು ಅಣುಗಳು ಹುಟ್ಟುತ್ತವೆಯೋ ಅಷ್ಟೇ ಫಾರ್ಮಾಲ್ಡಿಹೈಡ್ ಅಣುಗಳೂ ಹುಟ್ಟುತ್ತವೆ. ಉತ್ತರ ಸಮುದ್ರಗಳ ಕಾಡ್ ಜಾತಿಯ ಮೀನುಗಳಲ್ಲಿಯೂ ನಮ್ಮ ಅರಣೆ ಮೀನು, ಬೊಂಬಿಲ್‌ಗಳಲ್ಲಿಯೂ ಇದು ಕಂಡುಬಂದಿದೆ. ಹೆಪ್ಪುಗಟ್ಟಿಸಿ ತಿಂಗಳುಗಟ್ಟಲೆ ಇಟ್ಟಾಗಲೂ ಈ ಕ್ರಿಯೆ ನಿಲ್ಲುವುದಿಲ್ಲ. ಆದುದರಿಂದ ದೂರದಿಂದ ಹೆಪ್ಪುಗಟ್ಟಿ ಬಂದ ಮೀನಿನಲ್ಲಿ ಅಲ್ಪ ಪ್ರಮಾಣದ ಫಾರ್ಮಾಲ್ಡಿಹೈಡ್ ಕಂಡಿತೆಂದ ಮಾತ್ರಕ್ಕೆ ಅಪರಾಧ ನಡೆದಿದೆಯೆಂದು ಹೇಳಲಾಗದು. ಅಮೋನಿಯದ ಪರೀಕ್ಷೆಗೂ ಇಂಥದೇ ತೊಡಕುಂಟು. ಶಾರ್ಕ್ ಮತ್ತು ತೊರಕೆ ಮೀನುಗಳ ಮೈಯಲ್ಲಿ ಯೂರಿಯ ಸಹಜವಾಗಿಯೇ ಹೇರಳವಾಗಿದ್ದು, ಅದು ಬೇಗನೆ ಅಮೋನಿಯವಾಗುತ್ತದೆ. ೨೦೧೮ರ ಗೊಂದಲದ ಬಳಿಕ ನಮ್ಮ ದೇಶದ ಆಹಾರ ಸುರಕ್ಷತೆ ಮತ್ತು ಮಾನಕ ಪ್ರಾಧಿಕಾರವು ಸಹಜವಾಗಿ ಇರಬಹುದಾದ ಫಾರ್ಮಾಲ್ಡಿಹೈಡಿನ ಮಿತಿಯನ್ನು ಮೀನಿನ ಜಾತಿಗೆ ತಕ್ಕಂತೆ ಗೊತ್ತುಪಡಿಸಿತು.

ಇನ್ನೊಂದು ಎಚ್ಚರಿಕೆ ಗಣಿತದಿಂದ ಬರುತ್ತದೆ. ಲೆಕ್ಕಕ್ಕಾಗಿ ಹೀಗೆ ಊಹಿಸಿಕೊಳ್ಳೋಣ. ಒಂದು ಪರೀಕ್ಷೆ ಫಾರ್ಮಲಿನ್ ಹಚ್ಚಿದ ನೂರು ಮೀನುಗಳಲ್ಲಿ ೯೫ನ್ನು ಹಿಡಿಯುತ್ತದೆ; ಒಳ್ಳೆಯ ನೂರು ಮೀನುಗಳಲ್ಲಿ ಐದನ್ನು ತಪ್ಪಾಗಿ ದೂರುತ್ತದೆ. ಪೇಟೆಗೆ ಬಂದ ಸಾವಿರ ಮೀನುಗಳಲ್ಲಿ ೨೦ಕ್ಕೆ ಮಾತ್ರ ಫಾರ್ಮಲಿನ್ ಹಚ್ಚಿದೆ. ಆಗ ಆ ಇಪ್ಪತ್ತರಲ್ಲಿ ೧೯ ಸಿಕ್ಕಿಬೀಳುತ್ತವೆ. ಆದರೆ ಉಳಿದ ೯೮೦ ಒಳ್ಳೆಯ ಮೀನುಗಳಲ್ಲಿ ೪೯ರ ಮೇಲೂ ದೂರು ಬರುತ್ತದೆ. ಒಟ್ಟು ೬೮ ದೂರುಗಳಲ್ಲಿ ನಿಜವಾದವು ೧೯, ನಾಲ್ಕರಲ್ಲಿ ಒಂದಕ್ಕಿಂತ ತುಸು ಹೆಚ್ಚು ಅಷ್ಟೆ. ನೂರಕ್ಕೆ ೯೫ ಸರಿಯಾಗಿರುವ ಪರೀಕ್ಷೆಯ ಮಾತನ್ನೇ ಕೊನೆಯ ಮಾತೆಂದು ಕೊಂಡರೆ, ಹಾನಿಗೊಳಗಾಗುವ ನಾಲ್ವರು ವ್ಯಾಪಾರಿಗಳಲ್ಲಿ ಮೂವರು ನಿರಪರಾಧಿಗಳು.

ಹಾಗೆಂದು ಸ್ಥಳಪರೀಕ್ಷೆ ನಿಷ್ಪ್ರಯೋಜಕವಲ್ಲ. ಸಾವಿರದಲ್ಲಿ ೬೮ನ್ನು ಬೇರ್ಪಡಿಸಿ ಪ್ರಯೋಗಶಾಲೆಗೆ ಕಳುಹಿಸುವುದು ಎಲ್ಲ ಸಾವಿರವನ್ನೂ ಕಳುಹಿಸುವುದಕ್ಕಿಂತ ಎಷ್ಟೋ ಮೇಲು. ಸ್ಥಳಪರೀಕ್ಷೆಯ ಕೆಲಸ ಸಂಶಯವನ್ನು ಎತ್ತುವುದು. ನಿರ್ಣಯ ಮಾಡುವುದು ಪ್ರಯೋಗಶಾಲೆಯ ಕೆಲಸ. ಎರಡರ ಉತ್ತರಗಳು ಬೇರೆಬೇರೆಯಾದಾಗ ಅಲ್ಲಿ ಮೋಸವೇ ನಡೆದಿರಬೇಕೆಂದಿಲ್ಲ. ಎರಡು ಬೇರೆ ಪ್ರಶ್ನೆಗಳನ್ನು ಕೇಳಿರುವ ಸಂಭವವೂ ಇದೆ. ಅದನ್ನು ಜನರಿಗೆ ಆಗಲೇ ಬಿಡಿಸಿ ಹೇಳುವುದು ಅಧಿಕಾರಿಗಳ ಕರ್ತವ್ಯ.

ಕುದಿಸಿದರೂ ಹೋಗದ ವಿಷ

ಬಂಗುಡೆ, ಬೂತಾಯಿ, ಕೇದರ ಮೊದಲಾದ ಮೀನುಗಳ ಮಾಂಸದಲ್ಲಿ ಹಿಸ್ಟಿಡಿನ್ ಎಂಬ ಅಮೈನೋ ಆಮ್ಲ ಹೆಚ್ಚಾಗಿರುತ್ತದೆ. ಮೀನನ್ನು ಬಿಸಿಯಲ್ಲಿ ಬಿಟ್ಟರೆ ಕೆಲವು ಸೂಕ್ಷ್ಮಜೀವಿಗಳು ಅದನ್ನು ಹಿಸ್ಟಮೀನ್ ಆಗಿ ಮಾರ್ಪಡಿಸುತ್ತವೆ. ಇದನ್ನು ತಿಂದವರಿಗೆ ಕೆಲವೇ ನಿಮಿಷ ಅಥವಾ ಗಂಟೆಗಳಲ್ಲಿ ಮುಖ ಕೆಂಪೇರುವುದು, ತಲೆನೋವು, ಮೈಯಲ್ಲಿ ದದ್ದು, ವಾಂತಿ ಉಂಟಾಗುತ್ತವೆ. ಬೇಯಿಸುವುದರಿಂದ ಸೂಕ್ಷ್ಮಜೀವಿಗಳು ಸಾಯುತ್ತವೆ. ಹಿಸ್ಟಮೀನ್ ಮಾತ್ರ ಹಾಗೆಯೇ ಉಳಿಯುತ್ತದೆ. ಡಬ್ಬಿಯಲ್ಲಿ ಮುಚ್ಚಿ ಕಾಯಿಸಿದ ಮೀನಿನಲ್ಲಿಯೂ ಅದು ಇರಬಲ್ಲುದು. ಮೀನಿಗೆ ದುರ್ವಾಸನೆ ಬರುವ ಮೊದಲೇ ಅದು ಅಪಾಯದ ಪ್ರಮಾಣವನ್ನು ಮುಟ್ಟಬಹುದು.

ಇದರ ಪರೀಕ್ಷೆಯೂ ಬೆಳಕಿನದೇ. ತಕ್ಕ ಕಾರಕದೊಡನೆ ಕೂಡಿಸಿದ ಹಿಸ್ಟಮೀನಿನ ಮೇಲೆ ಅತಿನೇರಳೆ ಕಿರಣವನ್ನು ಬೀರಿದರೆ ಅದು ನೀಲಿ ಬೆಳಕನ್ನು ಸೂಸುತ್ತದೆ. ಆ ಹೊಳಪಿನಿಂದ ಪ್ರಮಾಣವನ್ನು ತಿಳಿಯುತ್ತಾರೆ.

ಆದರೆ ಯಾವ ಮೀನನ್ನು ಪರೀಕ್ಷಿಸಬೇಕು? ಹಿಸ್ಟಮೀನ್ ಒಂದೇ ಪೆಟ್ಟಿಗೆಯ ಎಲ್ಲ ಮೀನುಗಳಲ್ಲಿಯೂ ಸಮನಾಗಿರುವುದಿಲ್ಲ. ಬಿಸಿಲು ತಾಗಿದ ಮೂಲೆಯಲ್ಲಿದ್ದುದಕ್ಕೆ ಒಂದು ಗತಿ, ಮಂಜುಗಡ್ಡೆಯ ಕೆಳಗಿದ್ದುದಕ್ಕೆ ಇನ್ನೊಂದು ಗತಿ. ಆದುದರಿಂದ ಐರೋಪ್ಯ ಒಕ್ಕೂಟದ ನಿಯಮ ಒಂದು ಸರಕಿನಿಂದ ಒಂಬತ್ತು ಮಾದರಿಗಳನ್ನು ತೆಗೆಯಲು ಹೇಳುತ್ತದೆ. ಅವುಗಳ ಸರಾಸರಿ ಕಿಲೋಗ್ರಾಮಿಗೆ ೧೦೦ ಮಿಲಿಗ್ರಾಮನ್ನು ಮೀರಕೂಡದು. ಎರಡು ಮಾದರಿಗಳು ಮಾತ್ರ ೧೦೦ರಿಂದ ೨೦೦ರ ನಡುವೆ ಇರಬಹುದು. ಒಂದೂ ೨೦೦ನ್ನು ದಾಟಬಾರದು.

ಒಂಬತ್ತು ಮಾದರಿಗಳು ಸಾಕೆ? ಸರಕಿನ ಅರ್ಧ ಭಾಗ ಕೆಟ್ಟಿದ್ದರೆ, ಒಂಬತ್ತೂ ಒಳ್ಳೆಯವೇ ಸಿಗುವ ಸಂಭವ ೫೧೨ರಲ್ಲಿ ಒಂದು. ಕೆಟ್ಟುದು ತಪ್ಪಿಸಿಕೊಳ್ಳಲಾರದು. ಆದರೆ ನೂರಕ್ಕೆ ಐದು ಮಾತ್ರ ಕೆಟ್ಟಿದ್ದರೆ? ಒಂದು ಮಾದರಿ ಒಳ್ಳೆಯದಾಗಿರುವ ಸಂಭವ ೦.೯೫. ಅದನ್ನು ಒಂಬತ್ತು ಸಲ ಗುಣಿಸಿದರೆ ೦.೬೩. ಎಂದರೆ ಇಂಥ ಸರಕುಗಳು ನೂರರಲ್ಲಿ ೬೩ ಸಲ ಪರೀಕ್ಷೆಯಲ್ಲಿ ಉತ್ತೀರ್ಣವಾಗುತ್ತವೆ. ಈ ಸಂಭವವನ್ನು ನೂರಕ್ಕೆ ಐದಕ್ಕೆ ಇಳಿಸಬೇಕಾದರೆ ೫೯ ಮಾದರಿಗಳು ಬೇಕು. ಪರೀಕ್ಷಿಸಿದ ಮೀನನ್ನು ಮಾರಲಾಗುವುದಿಲ್ಲ. ಎಲ್ಲವನ್ನೂ ಪರೀಕ್ಷಿಸಿದರೆ ಊಟಕ್ಕೆ ಏನೂ ಉಳಿಯದು. ‘ಪರೀಕ್ಷೆಯಾಗಿದೆ’ ಎಂಬ ಮುದ್ರೆಯ ಅರ್ಥ ಇಷ್ಟೇ ಎಂಬುದನ್ನು ನಾವು ನೆನಪಿಡಬೇಕು.

ಪಾದರಸ ಮತ್ತು ವಿಕಿರಣ

ಕೆಲವು ಅಪಾಯಗಳಿಗೂ ಮೀನಿನ ತಾಜಾತನಕ್ಕೂ ಸಂಬಂಧವಿಲ್ಲ. ಜಪಾನಿನ ಮಿನಮಾಟದಲ್ಲಿ ೧೯೫೬ರಲ್ಲಿ ಬೆಳಕಿಗೆ ಬಂದ ನರಗಳ ಕಾಯಿಲೆಗೆ, ಕಾರ್ಖಾನೆಯಿಂದ ಕೊಲ್ಲಿಗೆ ಸೇರಿದ ಪಾದರಸದ ಸಂಯುಕ್ತವೇ ಕಾರಣವೆಂದು ಮುಂದೆ ತಿಳಿದುಬಂದಿತು. ಅಲ್ಲಿಯ ಮೀನು ತಾಜಾ ಆಗಿಯೇ ಇದ್ದಿತು. ಸಣ್ಣ ಮೀನನ್ನು ದೊಡ್ಡ ಮೀನು ತಿನ್ನುತ್ತ ಹೋದಂತೆ ಈ ವಿಷ ಮೇಲಿನ ಮೆಟ್ಟಿಲುಗಳಲ್ಲಿ ಶೇಖರವಾಗುತ್ತದೆ. ೧೯೭೦ರಲ್ಲಿ ಅಮೆರಿಕದ ರಸಾಯನವಿಜ್ಞಾನದ ಪ್ರಾಧ್ಯಾಪಕ ಬ್ರೂಸ್ ಮೆಕ್‌ಡಫೀ ಅಂಗಡಿಯ ಡಬ್ಬಿಯ ಟ್ಯೂನಾವನ್ನು ಪರೀಕ್ಷಿಸಿ, ಅದರಲ್ಲಿ ಅಂದಿನ ಮಿತಿಗಿಂತ ಹೆಚ್ಚು ಪಾದರಸವನ್ನು ಕಂಡರು. ಆ ಡಿಸೆಂಬರಿನಲ್ಲಿ ಹತ್ತು ಲಕ್ಷದಷ್ಟು ಡಬ್ಬಿಗಳನ್ನು ಪೇಟೆಯಿಂದ ಹಿಂದೆ ಪಡೆಯಲಾಯಿತು. ಪಾದರಸದ ಪರಮಾಣುಗಳು ೨೫೩.೭ ನ್ಯಾನೋಮೀಟರ್ ಅಲೆಯುದ್ದದ ಅತಿನೇರಳೆ ಬೆಳಕನ್ನು ಹೀರುತ್ತವೆ. ಮಾಂಸವನ್ನು ಆಮ್ಲದಲ್ಲಿ ಕರಗಿಸಿ, ಪಾದರಸವನ್ನು ಆವಿಯಾಗಿ ಎಬ್ಬಿಸಿ, ಆ ಬೆಳಕನ್ನು ಹಾಯಿಸಿ ನೋಡಿದರೆ ಹತ್ತು ಲಕ್ಷದಲ್ಲಿ ಒಂದು ಭಾಗಕ್ಕಿಂತ ಎಷ್ಟೋ ಕಡಮೆಯಾದುದೂ ಸಿಕ್ಕುತ್ತದೆ.

ವಿಕಿರಣದ ಕಥೆ ೧೯೫೪ರದು. ಆ ವರ್ಷದ ಮಾರ್ಚ್ ೧ರಂದು ಬಿಕಿನಿ ದ್ವೀಪದಲ್ಲಿ ನಡೆದ ಜಲಜನಕ ಬಾಂಬಿನ ಪ್ರಯೋಗದ ಬೂದಿ ಜಪಾನಿನ ‘ದೈಗೊ ಫುಕುರ್ಯು ಮಾರು’ ಎಂಬ ಮೀನುದೋಣಿಯ ಮೇಲೆ ಬಿದ್ದಿತು. ಅನಂತರ ಜಪಾನಿನ ಬಂದರುಗಳಲ್ಲಿ ಗೈಗರ್ ಗಣಕಗಳನ್ನು ಹಿಡಿದು ಮೀನನ್ನು ಪರೀಕ್ಷಿಸಿದರು. ಹತ್ತು ಸೆಂಟಿಮೀಟರ್ ದೂರದಲ್ಲಿ ನಿಮಿಷಕ್ಕೆ ನೂರಕ್ಕಿಂತ ಹೆಚ್ಚು ಎಣಿಕೆ ಬಂದ ಮೀನನ್ನು ಎಸೆದರು. ನಾನೂರು ಟನ್ನಿಗೂ ಮಿಕ್ಕಿ ಹೀಗೆ ನಾಶವಾಯಿತು. ಇಂದಿನ ಉಪಕರಣಗಳು ಕಿರಣಗಳನ್ನು ಎಣಿಸುವುದಷ್ಟೇ ಅಲ್ಲ, ಅವುಗಳ ಶಕ್ತಿಯನ್ನೂ ಅಳೆಯುತ್ತವೆ. ಇದು ಅಗತ್ಯ, ಏಕೆಂದರೆ ಪ್ರತಿಯೊಂದು ಮೀನಿನಲ್ಲಿಯೂ ಸಹಜವಾದ ವಿಕಿರಣಶೀಲ ಪೊಟ್ಯಾಸಿಯಮ್ ಇದ್ದು, ಒಂದು ಕಿಲೋಗ್ರಾಮಿನಲ್ಲಿ ಸೆಕೆಂಡಿಗೆ ಸುಮಾರು ನೂರು ಪರಮಾಣುಗಳು ಒಡೆಯುತ್ತಿರುತ್ತವೆ. ಫುಕುಷಿಮಾ ದುರಂತದ ತರುವಾಯ ೨೦೧೨ರಲ್ಲಿ ಜಪಾನ್ ಸೀಸಿಯಮ್ಮಿಗೆ ಇಟ್ಟ ಮಿತಿಯೂ ಕಿಲೋಗ್ರಾಮಿಗೆ ೧೦೦ ಬೆಕೆರೆಲ್. ಸೀಸಿಯಮ್ ೧೩೭ರ ಕಿರಣದ ಶಕ್ತಿ ೬೬೨ ಕಿಲೋ ಎಲೆಕ್ಟ್ರಾನ್ ವೋಲ್ಟ್, ಪೊಟ್ಯಾಸಿಯಮ್ಮಿನದು ೧೪೬೦. ಇದರಿಂದ ಪ್ರಕೃತಿಯದು ಯಾವುದು, ಮನುಷ್ಯನದು ಯಾವುದು ಎಂಬುದು ಸ್ಪಷ್ಟವಾಗುತ್ತದೆ.

ಹೆಸರು ಬದಲಿಸಿದ ಮೀನು

ತಲೆ, ಚರ್ಮ,ಮುಳ್ಳುಗಳನ್ನು ತೆಗೆದು ಕೊಯ್ದ ತುಂಡಿನಲ್ಲಿ ಮೀನಿನ ಜಾತಿಯನ್ನು ಗುರುತಿಸುವುದು ಕಷ್ಟ. ೨೦೦೭ರಲ್ಲಿ ಚೀನಾದಿಂದ ಅಮೆರಿಕಕ್ಕೆ ‘ಮಾಂಕ್ ಫಿಷ್’ ಎಂಬ ಹೆಸರಿನಲ್ಲಿ ಬಂದ ಮೀನನ್ನು ತಿಂದು ಷಿಕಾಗೋ ಪ್ರದೇಶದ ಇಬ್ಬರು ಅಸ್ವಸ್ಥರಾದರು. ಅದು ವಿಷಯುಕ್ತ ಪಫರ್ ಮೀನಾಗಿತ್ತು. ಈ ವಿಷವನ್ನೂ ಬೇಯಿಸಿ ಕಳೆಯಲಾಗದು. ಕೆನಡದ ಪಾಲ್ ಹೀಬರ್ಟ್ ಮತ್ತು ಸಂಗಡಿಗರು ೨೦೦೩ರಲ್ಲಿ ಸೂಚಿಸಿದ ಕ್ರಮದಂತೆ, ಡಿಎನ್ಎ ಎಳೆಯ ಒಂದು ನಿರ್ದಿಷ್ಟ ಭಾಗದ ಸುಮಾರು ೬೫೦ ಅಕ್ಷರಗಳನ್ನು ಓದಿದರೆ ಸಾಕು, ಅಕ್ಕಿಕಾಳಿನಷ್ಟು ತುಂಡಿನಿಂದಲೂ ಜಾತಿಯನ್ನು ಹೇಳಬಹುದು.

ಕೊನೆಯ ಮಾತು

ಇಷ್ಟೆಲ್ಲ ಪರೀಕ್ಷೆಗಳಿದ್ದರೂ ಅವು ಮೀನನ್ನು ಒಳ್ಳೆಯದನ್ನಾಗಿ ಮಾಡಲಾರವು. ಕೆಟ್ಟುದನ್ನು ಕೆಲವೊಮ್ಮೆ ಹಿಡಿಯಬಲ್ಲವು, ಅಷ್ಟೆ. ಈ ಸತ್ಯವನ್ನು ನಾವು ಮಾರುವವರ ಸ್ಥಾನದಲ್ಲಿ ನಿಂತೂ ಕಲಿತಿದ್ದೇವೆ. ನಮ್ಮ ಬಂದರುಗಳ ಮೀನು ಯುರೋಪಿನವರಿಗೆ ಆಮದಿನ ಮೀನು. ೧೯೯೭ರಲ್ಲಿ ಐರೋಪ್ಯ ಒಕ್ಕೂಟ ನೈರ್ಮಲ್ಯದ ಕಾರಣಕ್ಕಾಗಿ ಭಾರತದ ಮೀನನ್ನು ಕೆಲಕಾಲ ನಿಷೇಧಿಸಿದಾಗ, ಇಲ್ಲಿಯ ಕಾರ್ಖಾನೆಗಳು ತಮ್ಮ ಕ್ರಮಗಳನ್ನೇ ಬದಲಿಸಿಕೊಳ್ಳಬೇಕಾಯಿತು. ಕೊನೆಯಲ್ಲಿ ಪರೀಕ್ಷಿಸುವುದಕ್ಕಿಂತ, ಹಿಡಿದ ಗಳಿಗೆಯಿಂದ ಪೇಟೆಯವರೆಗೆ ಅಪಾಯ ಎಲ್ಲಿ ಹುಟ್ಟಬಹುದೆಂದು ಗುರುತಿಸಿ ಅಲ್ಲಿಯೇ ತಡೆಯುವುದು ಮೇಲೆಂಬ ತತ್ತ್ವವನ್ನು ಅವು ಅಳವಡಿಸಿಕೊಂಡವು. ೧೯೬೦ರ ದಶಕದಲ್ಲಿ ಅಮೆರಿಕದ ಆಕಾಶಯಾತ್ರಿಕರ ಆಹಾರಕ್ಕಾಗಿ ರೂಪುಗೊಂಡ ತತ್ತ್ವವಿದು. ಆ ಎಚ್ಚರಿಕೆಯೊಡನೆ ಹೊರದೇಶಕ್ಕೆ ಹೋಗುವ ಮೀನಿಗೂ ನಮ್ಮ ಊರಿನ ಕಟ್ಟೆಗೆ ಬರುವ ಮೀನಿಗೂ ಭೇದವಿರಬೇಕಾದ ಕಾರಣವಿಲ್ಲ. ಮಂಜುಗಡ್ಡೆಯ ಕಾರ್ಖಾನೆ, ಶಾಖ ನುಗ್ಗದ ವಾಹನ, ಪ್ರತಿ ಜಿಲ್ಲೆಗೂ ಒಂದು ಸಮೀಪದ ಪ್ರಯೋಗಶಾಲೆ, ಇವಿಷ್ಟು ಇದ್ದರೆ ಫಾರ್ಮಲಿನ್ ಹಚ್ಚುವ ಆಮಿಷವೂ ಕಡಮೆಯಾದೀತು. ಕಾರವಾರದ ಲಾರಿಯನ್ನು ಗಡಿಯಲ್ಲಿ ಸುಮ್ಮನೆ ತಡೆಯುವ ಸಂದರ್ಭವೂ ಕಡಮೆಯಾದೀತು.

ವಾಚಕರು ತಾವೂ ಕೆಲವನ್ನು ಮಾಡಬಹುದು. ಮೀನು ಮಂಜುಗಡ್ಡೆಯ ಮೇಲೆ ಸುಮ್ಮನೆ ಇದೆಯೋ, ಮಂಜುಗಡ್ಡೆಯ ನಡುವೆ ಹುದುಗಿದೆಯೋ ಎಂಬುದನ್ನು ನೋಡಿ. ಬಂಗುಡೆ, ಬೂತಾಯಿಗಳನ್ನು ಕೊಂಡ ಮೇಲೆ ಚೀಲದಲ್ಲಿ ಹೊತ್ತು ಪೇಟೆ ಸುತ್ತದೆ ಬೇಗನೆ ಮನೆ ಸೇರಿಸಿ. ಮಾಂಸ ಅಸಹಜವಾಗಿ ಬಿಗಿಯಾಗಿದ್ದು, ಕಣ್ಣು ಗುಳಿಬಿದ್ದಿದ್ದರೂ ವಾಸನೆಯೇ ಇಲ್ಲದಿದ್ದರೆ ಸಂಶಯಪಡಿ. ಆದರೆ ಸಂಶಯವನ್ನೇ ತೀರ್ಪೆಂದು ಸಾರಬೇಡಿ, ಆಹಾರ ಸುರಕ್ಷತಾ ಅಧಿಕಾರಿಗಳಿಗೆ ತಿಳಿಸಿ. ಕಾಲೇಜಿನ ವಿದ್ಯಾರ್ಥಿಗಳು ಒಂದು ಉಷ್ಣತಾಮಾಪಕವನ್ನು ತೆಗೆದುಕೊಂಡು ತಮ್ಮ ಊರಿನ ಪೇಟೆಯಲ್ಲಿ, ಮಾರುವವರ ಅನುಮತಿ ಪಡೆದು, ಬೆಳಗಿನ ಏಳು ಗಂಟೆಗೂ ಹನ್ನೊಂದು ಗಂಟೆಗೂ ಮೀನಿನ ಉಷ್ಣತೆಯನ್ನು ಅಳೆದು ಬರೆದಿಡಲಿ. ಮೇಲೆ ಹೇಳಿದ ಸೂತ್ರವನ್ನು ಅನ್ವಯಿಸಿದರೆ, ಆ ನಾಲ್ಕು ಗಂಟೆಗಳಲ್ಲಿ ಮೀನಿಗೆ ಎಷ್ಟು ವಯಸ್ಸಾಯಿತೆಂಬುದು ಅವರಿಗೇ ತಿಳಿಯುವುದು.